ಆಟದ ಹುಲಿ, ಅಡವಿಯ ಹುಲಿ

ಹುಲಿ-ಕುರಿ ಆಟವನ್ನು ನೀವು ಬಲ್ಲಿರಿ. ಮನೆಯ ಕಟ್ಟೆಯ ಮೇಲೋ ಗುಡಿಯ ಹಾಸುಗಲ್ಲಿನ ಮೇಲೋ ಇದ್ದಿಲಿನಿಂದ ಗೆರೆ ಎಳೆದು, ಹುಣಸೆ ಬೀಜಗಳನ್ನು ಕುರಿಯೆಂದೂ ದಪ್ಪ ಹರಳುಗಳನ್ನು ಹುಲಿಯೆಂದೂ ಕರೆದು ಚಿಕ್ಕಂದಿನಲ್ಲಿ ಒಮ್ಮೆಯಾದರೂ ಆಡಿರುವಿರಿ. ಲೆಕ್ಕವು ಊರಿಂದೂರಿಗೆ ಬೇರೆಯಾದರೂ ಬಹಳ ಕಡೆ ರೂಢಿಯಲ್ಲಿರುವದು 23 ಮನೆ, 3 ಹುಲಿ, 15 ಕುರಿ. ಹುಲಿಯು ಮಗ್ಗುಲಿನ ಕುರಿಯನ್ನು ಹಾರಿ ಆಚೆಯ ಬರಿದಾದ ಮನೆಯಲ್ಲಿ ಕುಳಿತರೆ ಆ ಕುರಿ ಸತ್ತಂತೆ. ಕುರಿಗೆ ಹಾರುವ ಅಧಿಕಾರವಿಲ್ಲ. ಆದರೆ ಎಲ್ಲವೂ ಕೂಡಿ ಹುಲಿಗಳನ್ನು ಅಲುಗದಂತೆ ಕಟ್ಟಿಹಾಕಿದರೆ ಗೆಲುವು ಕುರಿಗಳದು.

ದೊಡವಾಡದಲ್ಲಿ ಒಂದು ದಿನ, ಮಳೆಯಿಂದಾಗಿ ಮೈದಾನದ ಆಟ ನಿಂತಾಗ, ಎಂಟನೆಯ ಇಯತ್ತೆಯ ಹುಡುಗನೊಬ್ಬ ನನ್ನನ್ನು ಕೇಳಿದ: “ಸರ, ಖರೇ ಹುಲಿ ಹಿಂಗ ಕುರೀನ ಜಿಗದು ಹೋಗತೈತೇನ್ರಿ? ಕುರಿ ಎಲ್ಲಾ ಕೂಡಿ ಹುಲೀನ ಕಟ್ಟಿ ಹಾಕತಾವೇನ್ರಿ? ಈ ಆಟ ಸುಳ್ಳ ಐತ್ರಿ.” ನಾನು ಒಡನೆ ಉತ್ತರ ಕೊಡಲಿಲ್ಲ. ಹುಡುಗನ ಮಾತು ಮೇಲ್ನೋಟಕ್ಕೆ ತುಂಟತನದ್ದು. ಆದರೆ ಆಟ ಕಟ್ಟುವವರೆಲ್ಲರನ್ನೂ ಕಾಡುವ ಪ್ರಶ್ನೆ ಅದರಲ್ಲಿ ಅಡಗಿತ್ತು. ಆಟವು ಲೋಕವನ್ನು ಎಷ್ಟು ಹೋಲಬೇಕು? ನಿಯಮಕ್ಕೆ ಎಷ್ಟು ತಲೆಬಾಗಬೇಕು? ಈ ಎರಡರ ತೂಕ ಸರಿಹೋಗುವದು ಹೇಗೆ?

ನಮ್ಮ ಹಿರಿಯರಿಗೆ ಈ ಪ್ರಶ್ನೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಯನ್ನು ಹೇಳುತ್ತದೆ. ಲೋಕದಲ್ಲಿ ಜನರು ನಡೆಯುವಂತೆಯೇ ರಂಗದ ಮೇಲೆ ನಡೆಯುವದು ಲೋಕಧರ್ಮಿ. ರಂಗಕ್ಕೆಂದೇ ಒಪ್ಪಿಕೊಂಡ ಸಂಕೇತದಿಂದ ನಡೆಯುವದು ನಾಟ್ಯಧರ್ಮಿ. ನಮ್ಮ ದೊಡ್ಡಾಟವನ್ನೇ ನೋಡಿರಿ. ಪಾತ್ರಧಾರಿಯು ಅಟ್ಟದ ಮೇಲೆ ಒಂದು ಸುತ್ತು ಹಾಕಿದರೆ ಅವನು ಊರು ದಾಟಿ ಅಡವಿಗೆ ಬಂದನೆಂದು ನಾವು ತಿಳಿಯುತ್ತೇವೆ. ‘ಇದು ಸುಳ್ಳು, ಅವನು ಹತ್ತು ಹೆಜ್ಜೆಯನ್ನೂ ನಡೆಯಲಿಲ್ಲ’ ಎಂದು ಯಾರೂ ಎದ್ದು ಹೋಗುವದಿಲ್ಲ. ಆದರೆ ಮಗನು ಸತ್ತ ಸುದ್ದಿ ಕೇಳಿದ ತಾಯಿ ನಕ್ಕರೆ ಎದ್ದು ಹೋಗುತ್ತೇವೆ. ನಡಿಗೆಯಲ್ಲಿ ಸಂಕೇತ ಸಾಕು, ದುಃಖದಲ್ಲಿ ಸತ್ಯವೇ ಬೇಕು. ಯಾವದನ್ನು ಬಿಡಬಹುದು, ಯಾವದನ್ನು ಬಿಡಲಾಗದು ಎಂಬ ವಿವೇಕವನ್ನೇ ನಮ್ಮ ಮೀಮಾಂಸಕರು ಔಚಿತ್ಯವೆಂದರು.

ಹುಲಿ-ಕುರಿ ಆಟವನ್ನು ಈ ಕಣ್ಣಿನಿಂದ ನೋಡಿದರೆ ಹುಡುಗನಿಗೆ ಉತ್ತರ ದೊರೆಯುವದು. ಹಾರಿ ಕೊಲ್ಲುವದು ಸಂಕೇತ. ಆದರೆ ಬಲಿಷ್ಠನ ಬಲ ಅವನ ಓಡಾಟದಲ್ಲಿದೆ, ದುರ್ಬಲರ ಬಲ ಅವರ ಒಗ್ಗಟ್ಟಿನಲ್ಲಿದೆ, ಹಿಂಡು ಬಿಟ್ಟ ಕುರಿ ಮೊದಲು ಸಾಯುತ್ತದೆ—ಇವು ಮೂರೂ ಸತ್ಯ. ಹುಲಿಯ ಪಟ್ಟೆ, ಉಗುರು, ಹಸಿವುಗಳನ್ನೆಲ್ಲ ಬಿಟ್ಟುಕೊಟ್ಟು ಆಟವು ಈ ಮೂರನ್ನು ಉಳಿಸಿಕೊಂಡಿದೆ. ಚದುರಂಗದ ಒಂಟೆ ಓರೆಯಾಗಿ ನಡೆಯುವದೂ ಇಂಥದೇ ಸಂಕೇತ.

ಈಚೆಗೆ ನಗರದ ತರುಣರಲ್ಲಿ ಬೇರೊಂದು ಬಗೆಯ ಮೇಜಿನ ಆಟ ಬಳಕೆಗೆ ಬಂದಿದೆ. ಅದನ್ನು ನಾನು ‘ಪಾತ್ರದಾಟ’ ಎನ್ನುತ್ತೇನೆ. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುವರು. ಒಬ್ಬನು ಸೂತ್ರಧಾರ. ಅವನು ಸನ್ನಿವೇಶವನ್ನು ಬಣ್ಣಿಸುತ್ತಾನೆ: “ಕತ್ತಲೆಯಾಗಿದೆ, ಹೊಳೆ ತುಂಬಿದೆ, ಆಚೆಯ ದಡದಲ್ಲಿ ದೀವಟಿಗೆ ಕಾಣುತ್ತಿದೆ. ಏನು ಮಾಡುವಿರಿ?” ಆಡುವವರು ತಮ್ಮ ಪಾತ್ರಕ್ಕೆ ತಕ್ಕಂತೆ ಮಾತಾಡಿ ನಿರ್ಧರಿಸುವರು. ಸಂದೇಹ ಬಂದ ಕಡೆ ದಾಳ ಬೀಳುವದು.

ಇದರ ವಂಶಾವಳಿ ಸ್ವಾರಸ್ಯವಾಗಿದೆ. ಪ್ರಶಿಯಾ ದೇಶದ ರೈಸ್‌ವಿಟ್ಸ್ ಎಂಬ ಗೃಹಸ್ಥನು 1812ರಲ್ಲಿ ಅಲ್ಲಿಯ ಅರಸನಿಗೆ ಯುದ್ಧದ ಆಟದ ಮೇಜೊಂದನ್ನು ಒಪ್ಪಿಸಿದನು. ಸೈನ್ಯಾಧಿಕಾರಿಯಾಗಿದ್ದ ಅವನ ಮಗನು 1824ರಲ್ಲಿ ಅದನ್ನು ತಿದ್ದಿ ನಿಯಮಗಳನ್ನು ಅಚ್ಚು ಮಾಡಿಸಿದನು. ನೆಲದ ಅಳತೆಯ 8000ದಲ್ಲಿ ಒಂದು ಪಾಲಿನ ನಕಾಶೆ, ಅದರ ಮೇಲೆ ಪಡೆಗಳ ಬಿಲ್ಲೆಗಳು. ಒಂದೊಂದು ಸರತಿಗೂ ಎರಡು ಮಿನಿಟಿನ ಯುದ್ಧಕಾಲ. ಗುಂಡಿನ ಪರಿಣಾಮಕ್ಕೆ ಕೋಷ್ಟಕ ಮತ್ತು ದಾಳ. ನಡುವೆ ಒಬ್ಬ ಪಂಚ. ಅವನು ಒಂದೊಂದು ಪಕ್ಷಕ್ಕೂ ಅದರ ಕಣ್ಣಿಗೆ ಬೀಳುವಷ್ಟನ್ನೇ ತಿಳಿಸುವನು. ಸೈನ್ಯವು ಅದನ್ನು ತರಬೇತಿಗೆ ಒಪ್ಪಿಕೊಂಡಿತು. ಆದರೆ ನಿಜಕ್ಕೆ ಹತ್ತಿರವಾಗಲೆಂದು ಕೋಷ್ಟಕಗಳು ಬೆಳೆದಂತೆ ಆಟ ಕುಂಟತೊಡಗಿತು. ಎರಡು ಮಿನಿಟಿನ ಯುದ್ಧವನ್ನು ಆಡಲು ಎರಡು ಮಿನಿಟು ಸಾಲದಾಯಿತು. 1876ರಲ್ಲಿ ವರ್ಡಿ ದು ವರ್ನ್ವಾ ಎಂಬ ಅಧಿಕಾರಿಯು ದಾಳ-ಕೋಷ್ಟಕಗಳನ್ನು ಬದಿಗಿಟ್ಟು, ಅನುಭವವುಳ್ಳ ಪಂಚನ ತೀರ್ಮಾನಕ್ಕೆ ಎಲ್ಲವನ್ನೂ ಬಿಡಬೇಕೆಂದು ಪುಸ್ತಕ ಬರೆದನು.

ಅಮೇರಿಕೆಯಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’ ಆಟವನ್ನು ಪ್ರಕಟಿಸಿದರು. ಇಲ್ಲಿ ಆಟಗಾರನ ಕೈಯಲ್ಲಿರುವದು ದಂಡಲ್ಲ, ಒಬ್ಬನೇ ವೀರ. ಅವನ ಪ್ರಾಣಕ್ಕೆ ಒಂದು ಅಂಕಿ. ಪೆಟ್ಟು ಬಿದ್ದಂತೆ ಅದು ಇಳಿಯುವದು, ಸೊನ್ನೆಯಾದರೆ ಬಿದ್ದನು. ‘ಹತ್ತು ಪೆಟ್ಟು ತಿಂದವನು ಕೊನೆಯ ಅಂಕಿಯವರೆಗೂ ಕುಂಟದೆ ಕಾದುವದು ಎಂಥ ಸತ್ಯ?’ ಎಂದು ಆಕ್ಷೇಪ ಬಂದಿತು. 1978ರ ‘ರೂನ್‌ಕ್ವೆಸ್ಟ್’ ಎಂಬ ಆಟವು ಕೈ, ಕಾಲು, ತಲೆಗಳಿಗೆ ಬೇರೆ ಬೇರೆ ಅಂಕಿ ಇಟ್ಟಿತು. ಕಾಲಿಗೆ ಪೆಟ್ಟು ಬಿದ್ದವನು ಕೆಡೆಯುವನು. ಕಾದಾಟ ಹೆಚ್ಚು ನಿಜವಾಯಿತು, ಲೆಕ್ಕವೂ ಹೆಚ್ಚಿತು. ಮೊದಲಿನದು ಸಾಹಸವನ್ನು ಉಳಿಸಿಕೊಂಡಿತು, ಎರಡನೆಯದು ಗಾಯದ ಭಯವನ್ನು. ಎರಡೂ ತಪ್ಪಲ್ಲ, ಯಾವದು ಬೇಕೆಂಬುದನ್ನು ಆಟ ಕಟ್ಟುವವನು ಮೊದಲೇ ನಿಶ್ಚಯಿಸಬೇಕು.

ಇಷ್ಟನ್ನು ಓದಿ ತಿಳಿದ ನನಗೆ, ನಮ್ಮ ಸೀಮೆಯದೇ ಒಂದು ಪಾತ್ರದಾಟ ಏಕೆ ಬೇಡ ಎನಿಸಿತು. ಪ್ರಶಿಯಾದ ಆಟದ ನಿಯಮಗಳು ಅಚ್ಚಾದ 1824 ನಮಗೂ ಮರೆಯಲಾಗದ ವರುಷ. ಆ ವರುಷ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆ ಸತ್ತನು. ಅವನು ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದನೆಂಬುದು ಪ್ರಸಿದ್ಧವಾಗಿದೆ. ಎಲಿಯಟ್, ಸ್ಟೀವನ್‌ಸನ್ ಎಂಬಿಬ್ಬರು ಅಧಿಕಾರಿಗಳು ಕಿತ್ತೂರಿನವರ ಕೈಗೆ ಸೆರೆಸಿಕ್ಕರು. ಕಂಪನಿಯು ದೊಡ್ಡ ದಂಡು ಕೂಡಿಸಿತು. ಕಮಿಶನರ ಚಾಪ್ಲಿನ್ನನ ಮಾತನ್ನು ನಂಬಿ ರಾಣಿ ಚೆನ್ನಮ್ಮ ಸೆರೆಯಾಳುಗಳನ್ನು ಬಿಟ್ಟಳು. ಹಾಗಿದ್ದೂ ಯುದ್ಧ ನಿಲ್ಲಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ ಮತ್ತೆ ಕಾದಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಈ ಕಥೆಯನ್ನು ತೊಟ್ಟಿಲಲ್ಲೇ ಕೇಳಿ ಬೆಳೆದ ಮಕ್ಕಳು ನಮ್ಮವರು.

ನನ್ನ ಮೊದಲನೆಯ ಪ್ರಯತ್ನ ಪಂಡಿತನ ಪ್ರಯತ್ನವಾಯಿತು. ಮದ್ದು ಎಷ್ಟು ಸೇರು, ಕುದುರೆಗೆ ಹುಲ್ಲು ಎಷ್ಟು ಹೊರೆ, ಜೋಳ ಎಷ್ಟು ಚೀಲ, ಬಾವಿಯ ನೀರು ಎಷ್ಟು ದಿನ—ಎಲ್ಲದಕ್ಕೂ ಚೀಟಿ ಬರೆದೆ. ಒಂದು ಸರತಿ ಮುಗಿಯುವಷ್ಟರಲ್ಲಿ ಅರ್ಧ ತಾಸು ಹೋಯಿತು. ರಾಣಿಯ ಪಾತ್ರದ ಹುಡುಗಿ ಹುಲ್ಲಿನ ಹೊರೆಗಳನ್ನು ಕಳೆಯುತ್ತ ಕುಳಿತಳು; ಸರದಾರ ಗುರುಸಿದ್ದಪ್ಪನು ಎದ್ದು ಕ್ರಿಕೆಟ್ ಆಡಲು ಹೋದನು. ನಾನು ತಂದದ್ದು ನಿಜವೇನೋ ಹೌದು, ಆದರೆ ಅದು ಕಾರಕೂನನ ನಿಜ. ಒಂದು ಸಂಗತಿ ಆಟಗಾರನ ಮುಂದೆ ‘ಇದೋ ಅದೋ’ ಎಂಬ ಆಯ್ಕೆಯನ್ನು ಇಡದೆ ಬರಿಯ ಕೂಡು-ಕಳೆಯ ಕೆಲಸವನ್ನು ಇಟ್ಟರೆ, ಅದೆಷ್ಟೇ ನಿಜವಾಗಿದ್ದರೂ ಆಟಕ್ಕೆ ಭಾರವೇ ಎಂದು ಕಲಿತೆ.

ಎರಡನೆಯ ಸಲ ಎಲ್ಲವನ್ನೂ ಹಗುರ ಮಾಡಿದೆ. ಎರಡು ಪಕ್ಷಕ್ಕೂ ಸಮಬಲ, ನಾಲ್ಕು ಕವಡೆ, ಹೆಚ್ಚು ಬಿದ್ದವರು ಗೆದ್ದರು. ಸೆರೆಯಾಳುಗಳನ್ನು ಕೊಂದುಬಿಡಿರೆಂದು ಒಬ್ಬ ಹುಡುಗ ಅಂದ. ಕವಡೆಯೂ ಹೂಂ ಅಂದಿತು. ಕಿತ್ತೂರು ಗೆದ್ದಿತು, ಮಕ್ಕಳು ಕುಣಿದರು. ಬಾಗಿಲಲ್ಲಿ ಮೊಮ್ಮಗನನ್ನು ಕರೆದೊಯ್ಯಲು ಬಂದು ಕುಳಿತಿದ್ದ ಅಜ್ಜನೊಬ್ಬ ಮೆಲ್ಲಗೆ ಕೇಳಿದ: “ಹಿಂಗ ಗೆದ್ದಿದ್ದರ, ರಾಣಿ ಬೈಲಹೊಂಗಲದ ಸೆರ್‍ಯಾಗ ಯಾಕ ಜೀವ ಬಿಡತಿದ್ಲರೀ ಮಾಸ್ತರ?” ನನಗೆ ನಾಚಿಕೆಯಾಯಿತು. ಅಂದು ಸಂಜೆ ಮಕ್ಕಳನ್ನು ಕೂಡಿಸಿ, ಆ ಸೆರೆಯಾಳು ವಾಲ್ಟರ್ ಎಲಿಯಟ್ ಮುಂದೆ ನಮ್ಮ ನಾಡಿನ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿ ಕೂಡಿಹಾಕಿದವನೆಂದು ಹೇಳಿದೆ. ರಾಣಿ ಸೆರೆಯಾಳುಗಳನ್ನು ಕೊಲ್ಲಲಿಲ್ಲ, ಗೌರವದಿಂದ ಇಟ್ಟುಕೊಂಡಿದ್ದಳು. ಕವಡೆಯ ಒಂದು ಹೊರಳಿಗೆ ಆಕೆಯ ಶೀಲವನ್ನು ಒಪ್ಪಿಸಿದ್ದು ತಪ್ಪಾಯಿತು. ಯಾವದನ್ನು ಮನುಷ್ಯನು ಯೋಚಿಸಿ ನಿರ್ಧರಿಸಬೇಕೋ ಅದನ್ನು ದಾಳಕ್ಕೆ ಬಿಡಬಾರದು. ನಿರ್ಧರಿಸಿದ ಕೆಲಸ ಕೈಗೂಡುವದೋ ಇಲ್ಲವೋ ಎಂಬುದನ್ನಷ್ಟೇ ದಾಳ ಹೇಳಬೇಕು.

ಮೂರನೆಯ ಸಲ ಇತಿಹಾಸಕ್ಕೆ ಅಂಟಿಕೊಂಡೆ. ಏನು ಮಾಡಿದರೂ ಕಡೆಗೆ ಕೋಟೆ ಬೀಳುವದೆಂದು ನಿಯಮ ಮಾಡಿದೆ. ಆಗ ರಾಣಿಯಾಗಿದ್ದ ಹುಡುಗಿ ಕಣ್ಣಲ್ಲಿ ನೀರು ತಂದು ಕೇಳಿದಳು: “ಸೋಲೋದ ಖರೇ ಇದ್ದರ ನಾ ಯಾಕ ಆಡಬೇಕ್ರಿ ಸರ?” ಅಜ್ಜನ ಪ್ರಶ್ನೆ, ಮೊಮ್ಮಗಳ ವಯಸ್ಸಿನವಳ ಪ್ರಶ್ನೆ—ಎರಡೂ ನ್ಯಾಯವೇ. ಅಜ್ಜನಿಗೆ ಸತ್ಯ ಬೇಕು, ಹುಡುಗಿಗೆ ಸ್ವಾತಂತ್ರ್ಯ ಬೇಕು. ಸತ್ಯವಿಲ್ಲದ ಆಟ ಹಿರಿಯರಿಗೆ ಅವಮಾನ. ಸ್ವಾತಂತ್ರ್ಯವಿಲ್ಲದ ಆಟ ಆಟವೇ ಅಲ್ಲ. ಒಂದು ವಾರ ನನಗೆ ದಾರಿ ತೋಚಲಿಲ್ಲ.

ದಾರಿ ತೋರಿಸಿದ್ದು ರೇಡಿಯೋ. ಒಂದು ರಾತ್ರಿ ಮಂಗಳೂರು ಕೇಂದ್ರದ ತಾಳಮದ್ದಳೆ ಕಿವಿಗೆ ಬಿದ್ದಿತು, ಪ್ರಸಂಗ ವಾಲಿವಧೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದ್ಯವನ್ನು ಹಾಡುತ್ತಾನೆ. ಅರ್ಥಧಾರಿಗಳು ಕುಳಿತಲ್ಲಿಯೇ ತಮ್ಮ ಪಾತ್ರದ ಮಾತನ್ನು ಆಗಲೇ ಹೊಸೆದು ಹೇಳುತ್ತಾರೆ. ವಾಲಿ ಸಾಯುವನೆಂಬುದು ಕೇಳುವವರಿಗೆಲ್ಲ ಗೊತ್ತು. ಹಾಗಿದ್ದೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಏನೆಂದು ಕೇಳುವನು, ರಾಮನು ಏನೆಂದು ಉತ್ತರಿಸುವನು ಎಂಬುದು ಯಾರಿಗೂ ಗೊತ್ತಿಲ್ಲ. ಕೆಲವೊಮ್ಮೆ ಮಾತಿನಲ್ಲಿ ವಾಲಿಯೇ ಗೆದ್ದುಬಿಡುವನು, ಕಥೆಯಲ್ಲಿ ಸಾಯುವನು. ಅಂತ್ಯ ಕಟ್ಟಿದ್ದು, ಆದರೆ ಅಂತ್ಯಕ್ಕೆ ಹೋಗುವ ಬಗೆ ಬಿಟ್ಟದ್ದು. ನಮ್ಮಲ್ಲಿ ಪಾತ್ರದಾಟ ಬಹುಕಾಲದಿಂದಲೂ ಇದೆ. ಅದರ ಕೈಯಲ್ಲಿ ಕವಡೆ ಇರಲಿಲ್ಲ, ಅಷ್ಟೇ.

ಆದ್ದರಿಂದ ನಾಲ್ಕನೆಯ ಸಲ ಗೆಲುವಿನ ಅರ್ಥವನ್ನೇ ಬದಲಿಸಿದೆ. ಆಟವು ಥ್ಯಾಕರೆ ಸತ್ತ ಮರುದಿನ ಆರಂಭವಾಗುವದು. ಒಂದು ಸರತಿಗೆ ಒಂದು ವಾರ, ಒಟ್ಟು 6 ಸರತಿ. ಕೊನೆಯಲ್ಲಿ ಕೋಟೆ ಬೀಳುವದು ನಿಶ್ಚಿತ. ಆದರೆ ಅಷ್ಟರೊಳಗೆ ಜನ, ಧಾನ್ಯ, ಆಯುಧಗಳಲ್ಲಿ ಎಷ್ಟು ಹೊರಗಿನ ಹಳ್ಳಿಗಳನ್ನೂ ಅಡವಿಯನ್ನೂ ಸೇರಿದವು ಎಂಬುದೇ ಎಣಿಕೆ. ಒಂದೊಂದಕ್ಕೂ ಒಂದು ಚೀಟಿ. ಹೊರಗೆ ಹೋದ ಚೀಟಿಗಳೇ ರಾಯಣ್ಣನ ಮುಂದಿನ ಆಟದ ಬಂಡವಾಳ. ಗೋಡೆ ಭದ್ರಪಡಿಸಲು ಆಳುಗಳನ್ನು ಇಟ್ಟುಕೊಂಡರೆ ಬಂಡಿ ಹೊಡೆಯಲು ಆಳಿಲ್ಲ. ಬಂಡಿ ಕಳಿಸಿದರೆ ಗೋಡೆ ಬರಿದು. ಈಗ ಒಂದೊಂದು ಸರತಿಯಲ್ಲಿಯೂ ಸಂಕಟದ ಆಯ್ಕೆ ಇದೆ. ಮದ್ದಿನಲ್ಲಿ ಒಳಗಿನವರೇ ಕಲಬೆರಕೆ ಮಾಡಿದರೆಂಬ ಮಾತು ನಮ್ಮ ಜನರ ಬಾಯಲ್ಲಿ ಉಳಿದಿದೆಯಷ್ಟೆ. ಅದಕ್ಕೂ ಆಟದಲ್ಲಿ ಎಡೆ ಬೇಕು. ಆದರೆ ದ್ರೋಹಿಯ ಪಾತ್ರವನ್ನು ಯಾವ ಮಗುವಿಗೂ ಕೊಡಲಿಲ್ಲ. ಮದ್ದು ಒಣಗಿದೆಯೋ ಕೆಟ್ಟಿದೆಯೋ ಎಂಬುದಕ್ಕೆ ಸೂತ್ರಧಾರನಾದ ನಾನೇ ಮರೆಯಲ್ಲಿ ಕವಡೆ ಹಾಕುತ್ತೇನೆ.

ಇನ್ನು ಕವಡೆಯ ಲೆಕ್ಕ. ಚೌಕಾಬಾರ ಆಡಿದವರಿಗೆ ಇದು ಸುಲಭ. ನಾಲ್ಕು ಕವಡೆ ಬೀಳುವ ಬಗೆ 16. ಅವುಗಳಲ್ಲಿ ಒಂದು ಬಾಯಿ ಮೇಲಾಗುವದು 4 ಬಗೆ, ಎರಡಾಗುವದು 6, ಮೂರಾಗುವದು 4, ನಾಲ್ಕೂ ಮೇಲಾಗುವ ಚೌಕ 1, ಎಲ್ಲವೂ ಬೋರಲಾಗಿ 8 ಕೊಡುವ ಬಾರ 1. ಚೌಕ, ಬಾರಗಳಿಗೆ ನಾವು ಕೂಗಿ ಕುಣಿಯುವದು ಅವು ಅಪರೂಪವಾದ್ದರಿಂದಲೇ. ನಮ್ಮ ಆಟದಲ್ಲಿ ಮೂರು ಅಥವಾ ಹೆಚ್ಚು ಬಾಯಿ ಮೇಲಾದರೆ ಕೆಲಸ ಕೈಗೂಡಿತೆಂದು ನಿಯಮ. ಸಾಮಾನ್ಯನಿಗೆ 4 ಕವಡೆ. ಕೆಲಸ ಬಲ್ಲವನಿಗೆ ಒಂದು ಹೆಚ್ಚು. ಒಳ್ಳೆಯ ಉಪಾಯವನ್ನೂ ಹೂಡಿದ್ದರೆ ಇನ್ನೊಂದು. ಕತ್ತಲೆ, ಮಳೆ, ಆಯಾಸಗಳಿದ್ದರೆ ಒಂದು ಕಡಿಮೆ. 3ಕ್ಕಿಂತ ಕೆಳಗಿಲ್ಲ, 6ಕ್ಕಿಂತ ಮೇಲಿಲ್ಲ.

ಇದರ ಫಲ ನೋಡಿರಿ. ಕವಡೆಯ ಎರಡೂ ಮಗ್ಗುಲು ಸಮವಾಗಿ ಬೀಳುವವೆಂದು ಹಿಡಿದರೆ, ಕೈಗೂಡುವ ಸಂಭವವು 3 ಕವಡೆಗೆ ನೂರರಲ್ಲಿ ಸುಮಾರು 12, 4ಕ್ಕೆ 31, 5ಕ್ಕೆ 50, 6ಕ್ಕೆ 66. ಬಲ್ಲವನಿಗೂ ಸೋಲಿನ ಭಯ ಇದ್ದೇ ಇದೆ, ಅರಿಯದವನಿಗೂ ಆಸೆಯ ಎಳೆಯೊಂದು ಇದೆ. ಕತ್ತಲೆಗೆ ಬೇರೆ ಕೋಷ್ಟಕ, ಮಳೆಗೆ ಬೇರೆ ಕೋಷ್ಟಕ ಬೇಕಾಗಲಿಲ್ಲ. ಲೋಕದ ಎಷ್ಟೋ ಸಂಗತಿಗಳು ಕವಡೆಯೊಂದರ ಏರಿಳಿತದಲ್ಲಿ ಅಡಗಿದವು. ನಿಜವಾದ ಕವಡೆಗಳು ಲೆಕ್ಕದಷ್ಟು ಸಮವಾಗಿ ಬೀಳಲಾರವು. ನಿಮ್ಮ ಮನೆಯ ಕವಡೆಯನ್ನು ನೂರು ಸಲ ಎಸೆದು, ಬಾಯಿ ಎಷ್ಟು ಸಲ ಮೇಲಾಯಿತೆಂದು ಮಕ್ಕಳಿಂದ ಬರೆಯಿಸಿರಿ. ಗಣಿತದ ಒಂದು ಪಾಠವೂ ಆಗುವದು.

ನೀವೂ ಇಂಥ ಆಟವೊಂದನ್ನು ಕಟ್ಟಬಯಸಿದರೆ ನನ್ನ ಅನುಭವದ ನಾಲ್ಕು ಮಾತು ಸಾಕು. ಮೊದಲು, ನಿಮ್ಮ ಕಥೆಯ ತಿರುಳಿನ ಸತ್ಯ ಯಾವದೆಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳಿರಿ. ಅದನ್ನು ಯಾವ ನಿಯಮವೂ ಮುರಿಯಬಾರದು. ಎರಡನೆಯದು, ಆಯ್ಕೆಯನ್ನು ಹುಟ್ಟಿಸುವ ಸಂಗತಿಯನ್ನು ಇಟ್ಟುಕೊಂಡು ಲೆಕ್ಕವನ್ನಷ್ಟೇ ಹೆಚ್ಚಿಸುವದನ್ನು ಬಿಡಿರಿ. ಮೂರನೆಯದು, ಬೆಳೆಯನ್ನು ಕುರಿತ ಆಟವಾದರೆ ರೈತನಿಗೂ, ನೇಯ್ಗೆಯದಾದರೆ ನೇಕಾರನಿಗೂ ಒಮ್ಮೆ ತೋರಿಸಿರಿ. ಸಂಕೇತವನ್ನು ಅವರು ಕ್ಷಮಿಸುವರು, ಸುಳ್ಳನ್ನು ಕ್ಷಮಿಸಲಾರರು. ನಾಲ್ಕನೆಯದು, ನಿಯಮ ಮಾತಾಡದ ಕಡೆ ಸೂತ್ರಧಾರನು ತೀರ್ಪು ಕೊಡಲಿ, ಆದರೆ ಕಾರಣ ಹೇಳಿ ಕೊಡಲಿ. ಕಾರಣ ಹೇಳದ ತೀರ್ಪನ್ನು ಮಕ್ಕಳು ಮೋಸವೆನ್ನುತ್ತಾರೆ. ಅದು ತಪ್ಪೂ ಅಲ್ಲ.

ನಾಲ್ಕನೆಯ ಆಟದ ದಿನ ಅಜ್ಜನನ್ನೂ ಕರೆಯಿಸಿ ಕುರ್ಚಿ ಹಾಕಿದೆ. ಹುಡುಗಿ ಮತ್ತೆ ರಾಣಿಯಾದಳು. ಸೆರೆಯಾಳುಗಳ ವಿಷಯ ಬಂದಾಗ ಅರ್ಧ ತಾಸು ವಾದ ನಡೆಯಿತು. ಯಾರೂ ಕ್ರಿಕೆಟ್ ನೆನೆಯಲಿಲ್ಲ. ಚಾಪ್ಲಿನ್ನನ ಮಾತನ್ನು ನಂಬಲಾಗದೆಂದು ಗುರುಸಿದ್ದಪ್ಪ ಹೇಳಿದ. ಅವನು ಮಾತು ತಪ್ಪಿದರೆ ತಪ್ಪು ಅವನದು, ಕೊಂದರೆ ನಮ್ಮದು ಎಂದು ರಾಣಿ ಹೇಳಿದಳು. ಕೊನೆಯ ಸರತಿಯಲ್ಲಿ ಗೋಡೆಗೆ ಆಳು ಹಾಕದೆ, ಇದ್ದವರನ್ನೆಲ್ಲ ಬಂಡಿಗಳ ಜೊತೆ ರಾತ್ರಿ ಹೊರಡಿಸಿದಳು. ಕೋಟೆ ಬಿದ್ದಿತು. ಕೋಣೆಯಲ್ಲಿ ಸದ್ದಿರಲಿಲ್ಲ. ಅಜ್ಜ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರಸಿಕೊಂಡ.

ಹುಡುಗಿ ಅಳಲಿಲ್ಲ. ಹೊರಗೆ ಹೋದ ಚೀಟಿಗಳನ್ನು ಒಂದೊಂದಾಗಿ ಎಣಿಸಿ ನನ್ನ ಕಡೆ ನೋಡಿದಳು: “ಸರ, ಹನ್ನೊಂದು ಹೋಗ್ಯಾವ. ರಾಯಣ್ಣಗ ಇಷ್ಟ ಸಾಕೇನ್ರಿ?”